ಎರಡು ಪಾಲಿಶ್ ಹಾಕಿಸಿದ ಅಕ್ಕಿ

ನನ್ನ ಬಾಯಿ ಒಳ್ಳೆಯದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಹೇಳುವ ಅನಾಹುತವೆಲ್ಲ ಆ ಬಾಯಿಂದಲೇ ಆದದ್ದು. ಮೇಷ್ಟ್ರ ಕೆಲಸ ಮಾಡಿದವರಿಗೆ ಇದೊಂದು ರೋಗ. ವರ್ಷಗಟ್ಟಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ‘ತಪ್ಪು’ ಎಂದು ಕೆಂಪು ಇಂಕಿನಲ್ಲಿ ಗೀಚಿ ಗೀಚಿ, ಕೊನೆಗೆ ತರಕಾರಿಯವಳನ್ನೂ ಬಸ್ ಕಂಡಕ್ಟರನ್ನೂ ಕಟ್ಟಿಕೊಂಡ ಗಂಡನನ್ನೂ ತಿದ್ದಲು ಹೊರಡುತ್ತೇವೆ. ಅಂಥ ನನ್ನನ್ನು ಸಹಿಸಿಕೊಂಡು ಅನ್ನ ಹಾಕಿದವರು ಇದ್ದಾರಲ್ಲ, ಅವರನ್ನು ನೆನೆಯದೆ ನಾನು ಊಟಕ್ಕೆ ಕೂತರೆ ಅದು ಕೃತಘ್ನತನ. ಹೊಳಲೂರಿನ ಒಬ್ಬ ಅತ್ತೆ ಮತ್ತು ಅವರ ಸೊಸೆಯ ಮಾತು ಇದು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವು ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದೆವು. ಗಂಡನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ನನಗೆ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ. ದಿನಾ ಬೆಳಿಗ್ಗೆ ಪ್ರೈವೇಟ್ ಬಸ್ಸು ಹತ್ತಿ ಹೋಗುವುದು, ಸಂಜೆ ಇನ್ನೊಂದು ಪ್ರೈವೇಟ್ ಬಸ್ಸಿನಲ್ಲಿ ನೇತಾಡಿಕೊಂಡು ವಾಪಸ್ಸು ಬರುವುದು. ಆ ವರ್ಷ ಗಂಡನಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಬಿಳಿ ಅನ್ನ ಕಡಿಮೆ ಮಾಡಿ, ಮುದ್ದೆ ಉಣ್ಣಿ, ಇಲ್ಲವಾದರೆ ಪಾಲಿಶ್ ಮಾಡದ ಅಕ್ಕಿಯನ್ನಾದರೂ ಉಣ್ಣಿ ಎಂದು ಡಾಕ್ಟರು ಹೇಳಿದರು. ನಮ್ಮವರು ಮುದ್ದೆ ಎಂದರೆ ಮೂಗು ಮುರಿಯುವ ಗಿರಾಕಿ. ಹಾಗಾಗಿ ಪಾಲಿಶ್ ಮಾಡದ ಅಕ್ಕಿ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಹುಡುಕಿದೆ, ಎಲ್ಲಿ ಸಿಗಬೇಕು? ನಮ್ಮ ಬೀದಿಯ ಅಂಗಡಿಯಲ್ಲಿ ಲಾರಿಯಿಂದ ಇಳಿದ ಅಕ್ಕಿ ಚೀಲಗಳು ಗೋಡೆಯವರೆಗೆ ಪೇರಿಸಿರುತ್ತಿದ್ದವು. ಒಂದೊಂದರ ಮೇಲೂ ಒಂದೊಂದು ದೇವರ ಚಿತ್ರ; ಒಳಗಿರುವುದು ಮಾತ್ರ ಒಂದೇ ಬಣ್ಣದ, ಒಂದೇ ರುಚಿಯ ಅಕ್ಕಿ. ಅದು ಯಾವ ಊರಿನದು ಎಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. ಕೆಂಪಕ್ಕಿ ಇದೆಯಾ ಎಂದರೆ ಅವನು ನಕ್ಕುಬಿಟ್ಟ.

“ಕೆಂಪಕ್ಕಿನಾ ಮೇಡಂ? ಯಾಕೆ, ಕೋಳಿ ಗೀಳಿ ಸಾಕಿದೀರಾ? ಈ ಮಾಲ್ ತಗೊಂಡೋಗಿ, ಏಕ್‌ದಂ ಸಾಫ್. ಒಂದು ಕಲ್ಲು ಸಿಕ್ರೂ ನನ್ನ ಕೇಳಿ.”

ಶಿವಮೊಗ್ಗದ ಪ್ರೈವೇಟ್ ಬಸ್ ನಿಲ್ದಾಣದ ಗೋಡೆಯ ಪಕ್ಕದಲ್ಲಿ ಹೊಳಲೂರಿನ ಒಬ್ಬಳು ಹೆಂಗಸು ಸೊಪ್ಪು, ಅವರೆಕಾಯಿ, ಕುಂಬಳಕಾಯಿ ಹೋಳು ಇಟ್ಟುಕೊಂಡು ಕೂರುತ್ತಿದ್ದಳು. ಮೂವತ್ತರ ಒಳಗಿನ ವಯಸ್ಸು. ನನಗೂ ಅವಳಿಗೂ ಹಳೆಯ ಜಗಳ. ನಾನು ಚೌಕಾಸಿ ಮಾಡುವುದು, ಅವಳು ಸೊಪ್ಪಿನ ಕಟ್ಟನ್ನು ವಾಪಸ್ ಕಿತ್ತುಕೊಳ್ಳುವುದು, ನಾನು ಬಸ್ಸು ಹತ್ತುವಷ್ಟರಲ್ಲಿ ಅದೇ ಕಟ್ಟನ್ನು ಕಿಟಕಿಯಿಂದ ತೂರಿ “ತಗಳಿ, ನಿಮ್ಮ ಹತ್ರ ಮಾತಾಡೋಕಾಗಲ್ಲ” ಎನ್ನುವುದು, ಹೀಗೇ ನಡೆದಿತ್ತು. ಒಂದು ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಂದಾಗ ಅವಳು ಊಟ ಮಾಡುತ್ತಿದ್ದಳು. ಬುತ್ತಿಯ ಡಬ್ಬಿಯಲ್ಲಿ ಇಟ್ಟಿಗೆ ಬಣ್ಣದ ದಪ್ಪ ಅನ್ನ.

“ಇದೆಂಥ ಅನ್ನನಮ್ಮ?” ಎಂದೆ.

“ನಮ್ಮ ಗದ್ದೇದು ಕಣ್ರೀ. ಹಳೇ ಕೆಂಪು ಭತ್ತ. ಮನೆ ಮಟ್ಟಿಗೆ ಅಂತ ಒಂಚೂರು ಬೆಳ್ಕೋತೀವಿ.”

“ಪಾಲಿಶ್ ಮಾಡ್ಸಲ್ವಾ?”

“ಮನೇಲಿ ಉಣ್ಣೋದನ್ನ ಯಾರು ಪಾಲಿಶ್ ಮಾಡಿಸ್ತಾರ್ರೀ? ಹೊಟ್ಟು ಬಿಡಿಸ್ಕಂಡು ಬರ್ತೀವಿ ಅಷ್ಟೇ. ಎಲ್ಲಿ, ಕೈ ಒಡ್ಡಿ.”

ಅವಳು ಅನ್ನಕ್ಕೆ ಹುಚ್ಚೆಳ್ಳಿನ ಚಟ್ನಿಪುಡಿ ಕಲೆಸಿ ಒಂದು ಉಂಡೆ ಮಾಡಿ ನನ್ನ ಅಂಗೈಗೆ ಹಾಕಿದಳು. ಬಸ್ ಸ್ಟ್ಯಾಂಡಿನಲ್ಲಿ, ಅಷ್ಟು ಜನರ ಮಧ್ಯೆ, ನನ್ನ ಶಿಷ್ಯಂದಿರು ನೋಡಿದರೆ ಏನು ಗತಿ ಎಂದುಕೊಂಡೇ ಬಾಯಿಗೆ ಹಾಕಿಕೊಂಡೆ. ಅಗಿಯಬೇಕಾದ ಅನ್ನ ಅದು. ಅಗಿದಷ್ಟೂ ಸಿಹಿ. ಅನ್ನಕ್ಕೆ ಅದರದೇ ಒಂದು ರುಚಿ ಇರುತ್ತದೆ ಎನ್ನುವುದನ್ನು ನಾನು ಮರೆತೇ ಹೋಗಿದ್ದೆ.

ಮುಂದಿನ ವಾರ ಅವಳು ನಮಗೆಂದು ಒಂದು ಸಣ್ಣ ಚೀಲ ಅಕ್ಕಿ ತಂದಳು. ನಮ್ಮ ಮನೆಯಲ್ಲಿ ಅದು ಬೇಯುವ ವಾಸನೆಗೆ ಪಕ್ಕದ ಮನೆಯ ತಮಿಳಿನ ಅಕ್ಕ ಬಂದು “ಏನ್ ಸಮೈಯಲ್ ಟೀಚರ್, ಏನಡುಗೆ?” ಎಂದು ಕೇಳಿದರು. ಅವರಿಗೂ ಬೇಕಾಯಿತು. ಅವರಿಂದ ಅವರ ತಂಗಿಗೆ, ನನ್ನಿಂದ ಸ್ಕೂಲಿನ ಇಬ್ಬರು ಟೀಚರುಗಳಿಗೆ, ಹೀಗೆ ಎರಡು ಮೂರು ವರ್ಷಗಳಲ್ಲಿ ಹತ್ತು ಮನೆಗಳಾದವು. ಸಂಘವೆಂದು ಕರೆಯಲಿಲ್ಲ, ಬೋರ್ಡು ಹಾಕಲಿಲ್ಲ. ಹೊಳಲೂರಿನಲ್ಲಿ ಅವಳು ಚೀಲವನ್ನು ಬಸ್ಸಿನ ಟಾಪಿಗೆ ಹಾಕುವಳು. ಶಿವಮೊಗ್ಗದಲ್ಲಿ ಆ ಬಸ್ಸಿನ ಕ್ಲೀನರ್ ಅದನ್ನು ಇಳಿಸಿ ಭದ್ರಾವತಿಯ ಬಸ್ಸಿಗೆ ಏರಿಸುವನು. ಸಂಜೆ ಬಸ್ಸಿನಲ್ಲಿ ನಾನು ಕೆಳಗೆ, ಅಕ್ಕಿ ಮೇಲೆ. ಓಲ್ಡ್ ಟೌನಿನಲ್ಲಿ ಇಳಿದಾಗ ಯಾರ ಮನೆಯ ಗಂಡಸು ಶಿಫ್ಟ್ ಮುಗಿಸಿ ಬಂದಿದ್ದಾನೋ ಅವನ ಸೈಕಲ್ಲಿನ ಮೇಲೆ ಚೀಲ ಮನೆ ಸೇರುತ್ತಿತ್ತು. ಅಕ್ಕಿಯ ಹಿಂದೆ ಹುರುಳಿ ಬಂತು, ಹುರುಳಿಯ ಹಿಂದೆ ಅವರೆಬೇಳೆ. ಸೇರಿನಲ್ಲಿ ಅಳೆದ ಮೇಲೆ ಒಂದು ಬೊಗಸೆ ಕೊಸರು ಹಾಕುವುದನ್ನು ಅವಳು ಒಮ್ಮೆಯೂ ಮರೆಯಲಿಲ್ಲ. ನನ್ನ ಗಂಡನ ಸಕ್ಕರೆ ಹತೋಟಿಗೆ ಬಂದಿತ್ತು. ಅನ್ನದಿಂದಲೋ ಮಾತ್ರೆಯಿಂದಲೋ ನನಗೆ ಗೊತ್ತಿಲ್ಲ, ನಾನು ಅವಳಿಗೇ ಕೈ ಮುಗಿದೆ.

ಹಾಗೆಂದು ಅಂಗಡಿ ಬಿಟ್ಟೆವೇ? ಎಣ್ಣೆ, ತೊಗರಿಬೇಳೆ, ಉಪ್ಪು, ಸಕ್ಕರೆ ಎಲ್ಲಕ್ಕೂ ಅದೇ ಅಂಗಡಿ. ನೆಂಟರು ಬಂದರೆ ಅದೇ ಬಿಳಿ ಅಕ್ಕಿ. ಕೆಂಪನ್ನ ಬಡಿಸಿದರೆ “ಏನಾಯ್ತೇ ನಿಮ್ಮನೆಗೆ?” ಎನ್ನುತ್ತಾರೆಂಬ ಹೆದರಿಕೆ ವಿಜ್ಞಾನದ ಟೀಚರಿಗೂ ಇತ್ತು. ಈ ಮಾತನ್ನು ನಾನು ಆಗ ಯಾರ ಹತ್ತಿರವೂ ಒಪ್ಪಿಕೊಳ್ಳುತ್ತಿರಲಿಲ್ಲ.

ಬೇಡಿಕೆ ಹೆಚ್ಚಿದಾಗ ಮನೆ ಮಟ್ಟಿಗೆ ಬೆಳೆಯುತ್ತಿದ್ದ ತುಂಡು ಗದ್ದೆ ಸಾಲದಾಯಿತು. ಅವಳ ಗಂಡ ಉಳಿದ ಗದ್ದೆಯಲ್ಲೆಲ್ಲ ಹೊಸ ತಳಿಯ ಭತ್ತ ಹಾಕಿ, ಚೀಲದ ಗೊಬ್ಬರ ಸುರಿದು, ಔಷಧಿ ಹೊಡೆದು ಮಿಲ್ಲಿಗೆ ಕೊಡುತ್ತಿದ್ದ. ಕೆಂಪು ಭತ್ತಕ್ಕೆ ಅವನು ಇಟ್ಟ ಹೆಸರು ‘ಮಲಗೋ ಭತ್ತ’. ಉದ್ದ ಬೆಳೆದು ಗಾಳಿಗೆ ಬೀಳುತ್ತಿತ್ತಲ್ಲ, ಅದಕ್ಕೆ. ಆದರೆ ನಾಲೆಯ ಪಕ್ಕದ ಒಂದು ಎಕರೆ ಅವನದಾಗಿರಲಿಲ್ಲ. ಅದು ಅವನ ತಾಯಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಅದರಲ್ಲಿ ಏನು ಬಿತ್ತಬೇಕು ಎನ್ನುವುದು ಆ ಅತ್ತೆಯ ಮಾತು. ಸೊಸೆ ಆ ಎಕರೆಯನ್ನು ಕೇಳಿದಳು. ಅತ್ತೆ ಹತ್ತು ದಿನ ಸತಾಯಿಸಿ, ಹನ್ನೊಂದನೆಯ ದಿನ “ಒಂದು ವರ್ಷ ಕೊಡ್ತೀನಿ, ನೋಡು. ಪೇಟೆಯವರನ್ನ ನಂಬ್ಕಂಡು ನನ್ನ ಮರ್ಯಾದೆ ಕಳೀಬೇಡ” ಎಂದರಂತೆ.

ಈ ಸುದ್ದಿ ಹೇಳಿದ ದಿನ ಅವಳ ಮುಖ ನೋಡಬೇಕಿತ್ತು. ಒಂದು ಎಕರೆಗೆ ಇಷ್ಟು ಖುಷಿಯೇನಮ್ಮ ಎಂದು ನಾನು ರೇಗಿಸಿದೆ.

“ನಿಮಗೆ ಗೊತ್ತಾಗಲ್ಲ ಬಿಡಿ ಟೀಚರಮ್ಮ,” ಎಂದಳು. “ಆ ಗದ್ದೇಲಿ ನಾನು ಹೇಳಿದ್ದು ನಡೀತದೆ. ಮನೇಲಿ ಇನ್ನೆಲ್ಲೂ ನಡಿಯಲ್ಲ.”

ಅವಳು ಆ ಎಕರೆಗೆ ಕೊಟ್ಟಿಗೆಯ ಗೊಬ್ಬರ ಹೊತ್ತಳು, ಹೊಂಗೆಸೊಪ್ಪು ತುಳಿಸಿದಳು, ಔಷಧಿಯ ಕ್ಯಾನನ್ನು ಬದುವಿನ ಮೇಲೂ ಇಡಗೊಡಲಿಲ್ಲ. ನಡುವೆ ಎರಡನೆಯ ಸಲ ಬಸುರಾದಳು. ಕೊಯ್ಲಿನ ಹೊತ್ತಿಗೆ ತುಂಬು ಬಸುರಿ. ಮೊದಲನೆಯದಾಗಿದ್ದರೆ ತವರಿಗೆ ಹೋಗುತ್ತಿದ್ದಳು; ಎರಡನೆಯದಾದ್ದರಿಂದ ಅತ್ತೆಯ ಮನೆಯಲ್ಲೇ ಹೆರಿಗೆಯಾಗಿ ಬಾಣಂತಿ ಕೋಣೆ ಸೇರಿದಳು. ಹಾಗಾಗಿ ಭತ್ತವನ್ನು ಮಿಲ್ಲಿಗೆ ಒಯ್ಯುವ, ಅಕ್ಕಿಯನ್ನು ನಮಗೆ ಮುಟ್ಟಿಸುವ ಜವಾಬ್ದಾರಿ ಅತ್ತೆಯ ಮೇಲೆ ಬಿತ್ತು.

ಸಂಕ್ರಾಂತಿಗೆ ಇನ್ನೂ ಒಂದು ವಾರವಿತ್ತು. ಸ್ಕೂಲು ಬಿಟ್ಟು ಬಸ್ ಸ್ಟ್ಯಾಂಡಿಗೆ ಬಂದರೆ, ಅತ್ತೆಯವರೇ ಬಂದು ನಿಂತಿದ್ದಾರೆ. ಅವತ್ತೇ ನಾನು ಅವರನ್ನು ಮೊದಲ ಸಲ ನೋಡಿದ್ದು. ಹಣೆ ತುಂಬ ವಿಭೂತಿ, ಪೆಟ್ಟಿಗೆಯಿಂದ ತೆಗೆದ ಮಡಿಕೆ ಬಿಡದ ಸೀರೆ, ನೆಟ್ಟಗಿನ ಬೆನ್ನು. ಸುತ್ತ ಅಕ್ಕಿ ಮೂಟೆಗಳು. ಕಂಡಕ್ಟರ್ ಇವರೇ ಟೀಚರಮ್ಮ ಎಂದು ನನ್ನನ್ನು ತೋರಿಸಿದ ಕೂಡಲೇ ತಾವೇ ಒಂದು ಮೂಟೆಯ ಬಾಯಿ ಬಿಚ್ಚಿದರು.

“ನೋಡಿ ಟೀಚರಮ್ಮ, ಮಲ್ಲಿಗೆ ಹೂವಿನಂಗೆ ಮಾಡ್ಸಿದೀನಿ.”

ಒಳಗೆ ಬೆಳ್ಳಗಿನ ಅಕ್ಕಿ. ನಮ್ಮ ಬೀದಿಯ ಅಂಗಡಿಯಲ್ಲಿದ್ದಂಥದೇ. ನನಗೆ ನೆತ್ತಿಗೇರಿತು. ಹತ್ತು ಮನೆಗಳಿಗೆ ಮಾತು ಕೊಟ್ಟವಳು ನಾನು. ತವುಡಿನಲ್ಲಿರುವ ವಿಟಮಿನ್ನುಗಳ ಬಗ್ಗೆ ಭಾಷಣ ಬಿಗಿದವಳೂ ನಾನು.

“ಯಾರ ಅಂಗಡಿದು ಇದು?” ಎಂದೆ.

“ನಮ್ಮದೇ.”

“ಅಜ್ಜಿ, ನನಗೇ ಟೋಪಿ ಹಾಕ್ಬೇಡಿ. ನಿಮ್ಮ ಭತ್ತ ಬೇರೆ ಕಡೆ ಮಾರ್ಕೊಂಡು, ಯಾವುದೋ ಬಿಳಿ ಅಕ್ಕಿ ತುಂಬ್ಕೊಂಡು ಬಂದಿದೀರಾ? ಪಾಪ, ಆ ಹುಡುಗಿ ಮಲಗಿದಾಳೆ ಅಂತ ಹಿಂಗಾ ಮಾಡೋದು?”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಡಲೆಕಾಯಿ ಮಾರುವವನು ತಕ್ಕಡಿ ಕೆಳಗಿಟ್ಟು ನಿಂತ. ಅಜ್ಜಿ ಬಗ್ಗಿ ಮೂಟೆಯ ಬಾಯಿ ಕಟ್ಟಿದರು. ತಾವು ಬಂದ ಬಸ್ಸಿನ ಕಂಡಕ್ಟರನ್ನು ಕರೆದು “ವಾಪಸ್ ಏರಿಸಪ್ಪ” ಎಂದರು. ಆಮೇಲೆ ನನ್ನ ಕಡೆ ನೋಡಿ, “ಎಪ್ಪತ್ತು ವರ್ಷಕ್ಕೆ ಕಳ್ಳಿ ಅನ್ನಿಸ್ಕಂಡೆ. ಆಯ್ತು” ಎಂದು ಬಸ್ಸು ಹತ್ತಿದರು.

ಮೂಟೆಯಿಂದ ತೆಗೆದು ನೋಡಿದ ಒಂದು ಹಿಡಿ ಅಕ್ಕಿ ನನ್ನ ಮುಷ್ಟಿಯಲ್ಲೇ ಉಳಿದಿತ್ತು. ಸಾಕ್ಷಿಗಿರಲಿ ಎಂದು ಕರ್ಚೀಫಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ, ಗಂಡನ ಮುಂದೆ ಸುರಿದು ನಡೆದದ್ದನ್ನೆಲ್ಲ ವರದಿ ಮಾಡಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಕಾಳನ್ನು ಹೊರಳಿಸಿ ನೋಡಿದರು.

“ಇಲ್ಲಿ ನೋಡೇ. ಇದಕ್ಕೊಂದು ಕೆಂಪು ಗೆರೆ. ಇದಕ್ಕೂ ಇದೆ. ಅಂಗಡಿ ಅಕ್ಕಿಗೆ ಹಿಂಗೆ ಗೆರೆ ಇರುತ್ತಾ? ಇದು ಅದೇ ಕೆಂಪಕ್ಕಿ ಕಣೇ, ಉಜ್ಜಿ ಉಜ್ಜಿ ಬಿಳೀ ಮಾಡ್ಬಿಟ್ಟಿದಾರೆ. ನೀನು ಸೈನ್ಸ್ ಟೀಚರೋ ಏನೋ!”

ನೋಡಿದೆ. ಗೆರೆ ಇತ್ತು. ಅಲ್ಲೊಂದು ಇಲ್ಲೊಂದು ಕಾಳಿನ ಬೆನ್ನ ಮೇಲೆ ಕೂದಲೆಳೆಯಷ್ಟು ಕೆಂಪು. ಮೋಸ ನಡೆದಿರಲಿಲ್ಲ. ನಾನು ಒಬ್ಬ ಮುದುಕಿಯನ್ನು ನಡುಬೀದಿಯಲ್ಲಿ ಕಳ್ಳಿ ಮಾಡಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅವತ್ತು ನನಗೆ ಊಟ ಸೇರಲಿಲ್ಲ.

ಮೂರು ದಿನ ಬಿಟ್ಟು ಅದೇ ಕಂಡಕ್ಟರ್ ನನ್ನ ಕೈಗೆ ನೋಟ್‌ಬುಕ್ಕಿನ ಹಾಳೆಯ ಒಂದು ಚೀಟಿ ಕೊಟ್ಟ. ಬಾಣಂತಿ ಕೋಣೆಯಿಂದ ಸೊಸೆ ಬರೆದದ್ದು. ‘ಅತ್ತೆಯವರು ನೌಕರಿಯವರ ಮನೆಗೆ ಹೋಗುವ ಅಕ್ಕಿ ಎಂದು ಮಿಲ್ಲಿನಲ್ಲಿ ನಿಂತು ಎರಡು ಪಾಲಿಶ್ ಹಾಕಿಸಿದರಂತೆ. ನನಗೆ ಗೊತ್ತಾಗಿದ್ದು ಆಮೇಲೆ. ಈಗ ನನ್ನ ಗದ್ದೆ ನನಗೆ ಎನ್ನುತ್ತಿದ್ದಾರೆ. ಬೀಜಕ್ಕೆ ಇಟ್ಟಿದ್ದ ಒಂದು ಮೂಟೆ ಕೆಂಪು ಭತ್ತವನ್ನೂ ಸೋಮವಾರ ಮಿಲ್ಲಿಗೆ ಹಾಕುತ್ತಾರಂತೆ. ಊರಲ್ಲಿ ಬೇರೆ ಯಾರ ಮನೆಯಲ್ಲೂ ಆ ಬೀಜ ಇಲ್ಲ. ನೀವು ಬೈದಿದ್ದಕ್ಕೆ ನನಗೆ ಬೇಜಾರಿಲ್ಲ. ಆ ಮೂಟೆ ಹೋದರೆ ಬೇಜಾರು.’

ಓದಿ ನನಗೆ ಅಳು ಬಂತು. ನನ್ನ ಒಂದು ಮಾತಿಗೆ ಅವಳ ಎಕರೆ ಹೋಗುವುದರಲ್ಲಿತ್ತು.

ಆ ಸಂಜೆ ಮನೆಮನೆ ತಿರುಗಿದೆ. ಅಕ್ಕಿ ಬಿಳಿಯಾಗಿದೆ, ತವುಡೆಲ್ಲ ಹೋಗಿದೆ, ಆದರೂ ಈ ವರ್ಷ ತಗೊಳ್ಳಬೇಕು, ತಪ್ಪು ನನ್ನದು ಎಂದು ಹೇಳಿದೆ. ನನ್ನ ಬಾಯಲ್ಲಿ ‘ತಪ್ಪು ನನ್ನದು’ ಎಂಬ ಮಾತು ಕೇಳಿ ಕೆಲವರು ಅಕ್ಕಿಯ ವಿಷಯವನ್ನೇ ಮರೆತರು. ಸ್ಕೂಲಿನ ಒಬ್ಬ ಟೀಚರ್ ಮಾತ್ರ “ಬಿಳಿ ಅಕ್ಕಿ ಬೇಕಿದ್ರೆ ಅಂಗಡಿಲೇ ಇದೆಯಲ್ರೀ” ಎಂದು ಮುಖಕ್ಕೆ ಹೇಳಿ ಬಾಗಿಲು ಹಾಕಿಕೊಂಡರು. ಪಕ್ಕದ ಮನೆಯ ತಮಿಳಿನ ಅಕ್ಕ ಆ ಟೀಚರ್ ಪಾಲನ್ನೂ ತಮಗೇ ಹಾಕಿ ಎಂದರು.

“ಮಿಲ್ ಮಾಡಿದ್ದಕ್ಕೆ ಅರಿಸಿ, ಪಾಪ ಅಕ್ಕಿ ಏನ್ ಮಾಡತ್ತೆ ಟೀಚರ್? ಪೊಂಗಲ್ ಬಂತಲ್ಲ, ಬಿಳೀದೇ ಇರಲಿ. ನೀನು ಹೋಗು, ಮೊದಲು ಆ ಪಾಟಿ, ಆ ಅಜ್ಜಿ ಕಾಲು ಹಿಡಿ.”

ಭಾನುವಾರ ಹೊಳಲೂರಿನ ಬಸ್ಸು ಹತ್ತಿದೆ. ಅಲ್ಲಿ ಇಳಿದು ಕೇಳಿದಾಗ ಜನ ಮನೆ ತೋರಿಸಿದರು; ತೋರಿಸುವಾಗ ಅವರ ಮುಖದಲ್ಲಿದ್ದ ನಗೆಯಿಂದ, ಬಸ್ ಸ್ಟ್ಯಾಂಡಿನ ಕಥೆ ನನಗಿಂತ ಮೊದಲೇ ಊರು ಮುಟ್ಟಿದೆ ಎಂದು ಗೊತ್ತಾಯಿತು. ಅಜ್ಜಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ಮುಂದಿಟ್ಟು ಮತ್ತೆ ಅವರೆಕಾಯಿ ಹಿಡಿದರು.

“ಅಜ್ಜಿ, ತಪ್ಪಾಯ್ತು,” ಎಂದೆ. “ಅಕ್ಕಿ ನಿಮ್ಮದೇ ಅಂತ ಆಮೇಲೆ ಗೊತ್ತಾಯ್ತು. ಹತ್ತೂ ಪಾಲು ನಾವೇ ತಗೋತೀವಿ. ಬೇಕಾದ್ರೆ ಅದೇ ಬಸ್ ಸ್ಟ್ಯಾಂಡಲ್ಲಿ ಎಲ್ಲರ ಎದುರಿಗೆ ನಿಮ್ಮ ಕಾಲಿಗೆ ಬೀಳ್ತೀನಿ.”

“ಯಾಕೆ, ಮತ್ತೊಂದು ಸಲ ಜನ ಸೇರಿಸೋಕಾ?” ಎಂದರು. ಸುಲಿದ ಅವರೆಕಾಳು ಪಕ್ಕಕ್ಕಿಟ್ಟು ಎದ್ದು, “ಹೊತ್ತಾಯ್ತು. ಉಣ್ಣಕ್ಕೇಳಿ” ಎಂದರು.

ನನಗೆ ಎಲೆ ಹಾಕಿ ಬಡಿಸಿದರು. ಅದೇ ಎರಡು ಪಾಲಿಶಿನ ಅನ್ನ, ಅವರೆಕಾಳಿನ ಸಾರು, ಮೇಲೆ ಒಂದು ಮಿಳ್ಳೆ ತುಪ್ಪ. ತಾವು ಗೋಡೆಗೆ ಒರಗಿ ತಟ್ಟೆ ಹಿಡಿದು ಕೂತರು. ಅವರ ತಟ್ಟೆಯಲ್ಲಿ ಬೇರೆಯೇ ಅನ್ನ. ಮಂಕು ಬಣ್ಣ, ಮುಗ್ಗಲು ವಾಸನೆ. ಎಲ್ಲಿದ್ದರೂ ಗುರುತು ಹಿಡಿಯಬಹುದು, ಸೊಸೈಟಿಯ ರೇಷನ್ ಅಕ್ಕಿ.

“ಇದೇನಜ್ಜಿ, ನೀವು ಸೊಸೈಟಿ ಅಕ್ಕಿ ಉಣ್ತಿದೀರಾ?”

“ಮತ್ತೇನು? ಕೆಂಪಕ್ಕಿ ಅಷ್ಟೂ ನಿಮ್ಮ ಹತ್ತು ಮನೆಗೇ ಸಾಲದು ಅಂತಾಳೆ ಇವಳು. ಮಗ ಬೆಳೆದದ್ದೆಲ್ಲ ಮಿಲ್ಲಿಗೇ ಹೋಗ್ತದೆ. ಮಾರೋದು ಮಾರೋದಕ್ಕೆ, ಉಣ್ಣೋದು ಉಣ್ಣೋದಕ್ಕೆ. ಎರಡು ವರ್ಷ ಆಯ್ತು, ನಾವೆಲ್ಲ ಇದೇ ಉಣ್ಣೋದು.”

ಎರಡು ವರ್ಷ! ವಾರವಾರವೂ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡಿದ್ದೇನೆ. ಅವಳ ಬುತ್ತಿಯ ಡಬ್ಬಿಯಲ್ಲಿ ಏನಿದೆ ಎಂದು ನಾನು ಆಮೇಲೆ ಬಗ್ಗಿ ನೋಡಲೇ ಇಲ್ಲ. ನಮ್ಮ ಮನೆಗೆ ಒಳ್ಳೆಯ ಅಕ್ಕಿ ಬರುತ್ತಿದೆ ಎಂದು ಬೀಗುತ್ತಿದ್ದೆ. ಬೆಳೆದವಳು ಸರ್ಕಾರದ ಗೋಡೌನಿನಿಂದ ಬಂದ ಅಕ್ಕಿ ಬೇಯಿಸಿಕೊಂಡು ಉಣ್ಣುತ್ತಿದ್ದಳು. ಎದುರಿಗಿದ್ದ ತುಪ್ಪದನ್ನ ನೋಡಿ ನಾಚಿಕೆಯಾಯಿತು. ಕೈ ಎಲೆಯ ಮೇಲೆ ಹಾಗೇ ನಿಂತಿತು.

“ಉಣ್ಣಿ, ಆರೋಗ್ತದೆ,” ಎಂದರು ಅಜ್ಜಿ. ಆಮೇಲೆ, ನನ್ನ ಮುಖ ನೋಡಿ ಏನನ್ನಿಸಿತೋ, ತಾವೇ ಮಾತು ತೆಗೆದರು.

“ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಮಿಲ್ಲು ಗಿಲ್ಲು ಇರಲಿಲ್ಲ ಮಾರಾಯ್ತಿ. ಕೋಳಿ ಕೂಗೋ ಹೊತ್ತಿಗೆ ಎದ್ದು ಒನಕೆ ಹಿಡೀಬೇಕು. ಈ ಮಗ ಹೊಟ್ಟೇಲಿದ್ದಾಗ ನೋವು ಬರೋ ದಿನದವರೆಗೂ ಕುಟ್ಟಿದೀನಿ. ನೀವು ಏನೇನೋ ಸತ್ವ ಅಂತೀರಂತೆ, ಇವಳು ಹೇಳ್ತಾಳೆ. ನಾವು ಕೆಂಪಗೇ ಉಣ್ತಿದ್ದದ್ದು ಸತ್ವಕ್ಕಲ್ಲ. ಬಿಳೀ ಆಗೋವರೆಗೂ ಕುಟ್ಟೋಕೆ ರಟ್ಟೇಲಿ ಬಲ ಇರ್ತಿರಲಿಲ್ಲ. ಬೀಗರು ಬಂದ್ರೆ, ದೊಡ್ಡೋರು ಬಂದ್ರೆ ಮಾತ್ರ ಕುಟ್ಟಿ ಕುಟ್ಟಿ ಬಿಳೀ ಮಾಡೋದು. ಮಿಲ್ಲು ಬಂದ ದಿನ ನಾನು ಅದಕ್ಕೆ ಕಾಯಿ ಒಡೆದು ಬಂದಿದೀನಿ. ಮೊನ್ನೆ ಮಿಲ್ಲಿನವನು ಒಂದು ಪಾಲಿಶ್ ಸಾಕು ಅಂದ. ನಾನೇ, ಬೇಡಪ್ಪ, ಟೀಚರಮ್ಮನೋರ ಮನೆಗೆ ಹೋಗೋದು, ಇನ್ನೊಂದು ಹಾಕು ಅಂದೆ.”

ನನ್ನ ಜನ್ಮದಲ್ಲಿ ಯಾರೂ ನನಗೆ ಅಷ್ಟು ಮರ್ಯಾದೆ ಮಾಡಿರಲಿಲ್ಲ. ಅದನ್ನು ನಾನು ಮೋಸ ಎಂದಿದ್ದೆ. ಎಲೆಯ ಮೇಲಿದ್ದದ್ದನ್ನು ಕಾಳು ಬಿಡದೆ ಉಂಡೆ. ಇನ್ನಷ್ಟು ಹಾಕಿ ಎಂದು ಕೇಳಿ ಹಾಕಿಸಿಕೊಂಡು ಉಂಡೆ. ಆ ಅನ್ನದ ಋಣ ದೊಡ್ಡದು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಕೈ ತೊಳೆದ ಮೇಲೆ ಎಕರೆಯ ಮಾತು ಎತ್ತಿದೆ. ಇನ್ನು ಮುಂದೆ ಮೊದಲು ನಿಮ್ಮ ಮನೆಗೆ ವರ್ಷಕ್ಕಾಗುವಷ್ಟು ಕೆಂಪಕ್ಕಿ ತೆಗೆದಿಡಿ, ಮಿಕ್ಕರೆ ನಮಗೆ ಕೊಡಿ, ಮಿಗದಿದ್ದರೆ ನಾವು ಅಂಗಡಿಯದೇ ಉಣ್ಣುತ್ತೇವೆ ಎಂದೆ. ಬೀಜವನ್ನು ಮಾತ್ರ ಮಿಲ್ಲಿಗೆ ಹಾಕಬೇಡಿ ಎಂದು ಬೇಡಿಕೊಂಡೆ. ಬಾಣಂತಿ ಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

“ಅದೆಲ್ಲ ಮುಗಿದ ಮಾತು,” ಎಂದರು ಅಜ್ಜಿ. “ನಾಳೆ ಮಿಲ್ಲಿನ ಟೆಂಪೋ ಬರ್ತದೆ. ಮೂಟೆ ಹೊರಗೆ ಹಾಕಿ ಆಗಿದೆ. ನನ್ನ ಮಗ ಆ ಗದ್ದೆಗೂ ಹೊಸ ಭತ್ತ ಹಾಕ್ತಾನೆ. ಊರವರ ಬಾಯಿಗೆ ನಾನಿನ್ನೊಂದು ಸಲ ಬೀಳಲ್ಲ.”

ಚಪ್ಪಲಿ ಹಾಕಿಕೊಳ್ಳಲು ಜಗಲಿಗೆ ಬಂದೆ. ನಡೆದು, ಬೇಡಿಕೊಂಡು, ಎರಡು ಸಲ ಅನ್ನ ಹಾಕಿಸಿಕೊಂಡು ನನಗೆ ಸುಸ್ತಾಗಿತ್ತು. ಏನೋ ಉಪಾಯ ಮಾಡಿದೆ ಎಂದು ಹೇಳಿಕೊಳ್ಳಲು ನನಗೂ ಆಸೆ, ಆದರೆ ನಿಜ ಅದಲ್ಲ. ಕಂಬದ ಪಕ್ಕದಲ್ಲಿ ಒಂದು ಮೂಟೆ ಅಡ್ಡ ಬಿದ್ದಿತ್ತು. ನೋಡದೆ, ಯೋಚನೆ ಮಾಡದೆ, ಧಪ್ಪೆಂದು ಅದರ ಮೇಲೆ ಕೂತುಬಿಟ್ಟೆ.

“ಏಯ್! ಏಳಿ, ಏಳಿ ಮೇಲೆ!” ಅಜ್ಜಿ ಕಿರುಚಿಕೊಂಡು ಓಡಿ ಬಂದರು. ಬಂದವರೇ ನನ್ನ ರಟ್ಟೆ ಹಿಡಿದು ಎಳೆದರು. “ಓದಿರೋರು ನೀವು, ಅಷ್ಟೂ ತಿಳಿಯಲ್ವಾ? ಬೀಜದ ಮೇಲೆ ಯಾರಾದ್ರೂ ಕೂರ್ತಾರಾ? ನಾಳೆ ಅದು ಮೊಳಿಯೋದು ಬೇಡ್ವಾ?”

ನಾನು ಎದ್ದು ನಿಂತೆ. ಅಜ್ಜಿ ಮೂಟೆಗೆ ಕೈ ತಾಗಿಸಿ ಕಣ್ಣಿಗೊತ್ತಿಕೊಂಡರು. ಒತ್ತಿಕೊಂಡ ಕೈ ಅಲ್ಲೇ ನಿಂತಿತು. ಮಿಲ್ಲಿಗೆಂದು ಹೊರಗೆ ಹಾಕಿದ ಮೂಟೆಯನ್ನು ತಾವೇ ಬೀಜ ಎಂದದ್ದು ಅವರಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ನನ್ನ ನಾಲಿಗೆಯ ತುದಿಗೆ ಒಂದು ಮಾತು ಬಂತು. ಅದೊಂದು ಸಲ, ಜೀವಮಾನದಲ್ಲಿ ಅದೊಂದೇ ಸಲ, ಅದನ್ನು ನುಂಗಿಕೊಂಡೆ.

ಬಾಣಂತಿ ಕೋಣೆಯ ಬಾಗಿಲಲ್ಲಿ ಅವಳು ಬಂದು ನಿಂತಿದ್ದಳು. ತಲೆಗೆ ಬಟ್ಟೆ ಸುತ್ತಿಕೊಂಡು, ಕೂಸನ್ನು ಎದೆಗೆ ಒತ್ತಿಕೊಂಡು. ಕಣ್ಣಲ್ಲಿ ನೀರು.

“ಅತ್ತೆ,” ಎಂದಳು, “ಹಂಗಾದ್ರೆ ಮೂಟೆ ಒಳಗಿಡ್ಸಲಾ?”

“ಮತ್ತಿನ್ನೇನು, ಹೊರಗೆ ಬಿಟ್ಟು ಇಲಿಗೆ ತಿನ್ನಿಸ್ತೀಯಾ?” ಎಂದು ಅಜ್ಜಿ ಅವಳ ಮೇಲೆ ರೇಗಿದರು. “ಗಾಳಿಗೆ ನಿಲ್ಬೇಡ, ಒಳಗೋಗು ನೀನು. ಮೂಟೆ ಮುಟ್ಟಬೇಡ. ಮೇಲೆ ಕೂತೋರಿದಾರಲ್ಲ, ಅವರೇ ಹೊರ್ಲಿ.”

ನಾನು ಚಪ್ಪಲಿ ಬಿಟ್ಟು ಬಂದು ಮೂಟೆಯ ಒಂದು ತುದಿ ಹಿಡಿದೆ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೊಂದು ತುದಿ ಹಿಡಿದರು.